ಬುಧವಾರ ಹನ್ನೊಂದು ಗಂಟೆಗೆ ಪೆಟ್ಟಿಗೆಯನ್ನು ಮಲಗಿಸತಕ್ಕದ್ದಲ್ಲ

ಗೃಹ ಜಾಲಸಂಪರ್ಕ ಪಾಲನಾ ವಿಭಾಗ
(ಊಟದ ಮೇಜು, ಕಿಟಕಿಯ ಬದಿ)

ಸಂಖ್ಯೆ: ಗೃಜಾಪಾ/ಬ್ರಾಡ್‌ಬ್ಯಾಂಡ್/ಕಾಟ/12
ದಿನಾಂಕ: ಸೋಮವಾರ, ಸಂಜೆ ಚಹಾದ ಲೋಟಗಳನ್ನು ತೊಳೆದಾದ ಮೇಲೆ

ಸುತ್ತೋಲೆ

ವಿಷಯ: ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕವು ಹೋಗುವುದು, ಬರುವುದು ಮತ್ತು ಬಂದಂತೆ ಮಾಡಿ ಹೋಗುವುದನ್ನು ತಡೆಗಟ್ಟಿ, ಬುಧವಾರ ಬೆಳಿಗ್ಗೆ 11.00ರಿಂದ 11.30ರವರೆಗೆ ಅದನ್ನು ಹೇಗಾದರೂ ಉಳಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
1. ಇದೇ ವಿಷಯವಾಗಿ ಅಡುಗೆಮನೆಯಿಂದ ಕಾಲಕಾಲಕ್ಕೆ ಹೊರಡಿಸಲಾದ ಮೌಖಿಕ ಆದೇಶಗಳು (ಯಾರೂ ಕೇಳಿಸಿಕೊಂಡಿರುವುದಿಲ್ಲ).
2. ಸಂಪರ್ಕ ಒದಗಿಸುವ ಕಂಪನಿಗೆ ಸಲ್ಲಿಸಲಾದ ದೂರುಗಳು, ಒಟ್ಟು ಹನ್ನೊಂದು.
3. ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಗಿದ್ದ ಸೂಚನಾ ಚೀಟಿ (ಇದರ ಬೆನ್ನಿಗೆ ಸಾಬೂನು, ಸೊಳ್ಳೆಬತ್ತಿ, ಬಲ್ಬು ಎಂದು ಬರೆದು ಅಂಗಡಿಗೆ ಒಯ್ಯಲಾಗಿದೆ).

ಪ್ರಸ್ತಾವನೆ

ಈ ಮನೆಯಾಕೆ ಇಪ್ಪತ್ತೆರಡು ವರ್ಷಗಳಿಂದ ಒಂದು ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದು, ಇತರರು ಹೊರಡಿಸುವ ಸುತ್ತೋಲೆಗಳನ್ನು ತಪ್ಪಿಲ್ಲದೆ ಬೆರಳಚ್ಚು ಮಾಡುತ್ತ ಬಂದಿರುತ್ತಾರೆ. ಒದ್ದೆ ಛತ್ರಿಯನ್ನು ಯಾವ ಮೂಲೆಯಲ್ಲಿಡಬೇಕು ಎಂಬ ಸುತ್ತೋಲೆಯನ್ನೂ ಅಲ್ಲಿ ಜನ ಎದ್ದು ನಿಂತು, ಕನ್ನಡಕ ಹಾಕಿಕೊಂಡು ಓದುವುದನ್ನು ಆಕೆ ಕಣ್ಣಾರೆ ಕಂಡಿದ್ದಾರೆ. ಮನೆಯಲ್ಲಾದರೋ ಆಕೆ ಗಂಟಲು ಹರಿದುಕೊಂಡು ಹೇಳಿದ ಮಾತು ಕುಕ್ಕರಿನ ಸೀಟಿಯಷ್ಟೂ ಯಾರ ಗಮನಕ್ಕೂ ಬರುವುದಿಲ್ಲ. ಸೀಟಿಯಾದರೆ ಯಾರಾದರೂ ಒಬ್ಬರು ಎಷ್ಟಾಯಿತೆಂದು ಎಣಿಸುತ್ತಾರೆ. ಈ ಕಾರಣದಿಂದ, ತಮ್ಮ ಸ್ವಂತ ಸಹಿಯಲ್ಲಿ ಮೊಟ್ಟಮೊದಲ ಸುತ್ತೋಲೆಯನ್ನು (ಹಿಂದಿನ ಹನ್ನೊಂದು ಸಂಖ್ಯೆಗಳು ದೂರುಗಳಿಗೆ ಹೋಗಿವೆ) ಹೊರಡಿಸಲು ಆಕೆ ತೀರ್ಮಾನಿಸಿರುತ್ತಾರೆ.

ವಿಷಯದ ಮಹತ್ವ ಹೀಗಿದೆ. ಮನೆಯಾಕೆಯ ತಂಗಿಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ. ರೈಲಿನಲ್ಲಿ ಎರಡು ದಿನದ ದೂರದಲ್ಲಿ, ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಅಂಗಿಗಳಿಗೆ ಕಾಜಾ ಹಾಕುವ ಕೆಲಸ ಅವಳದು. ಶಾಲೆ ನಾಲ್ಕನೆಯ ತರಗತಿಗೇ ನಿಂತಿದೆ. ಅಂಗಡಿಯ ಬೋರ್ಡು, ಅಳತೆಯ ಚೀಟಿ ಓದಿಕೊಳ್ಳುತ್ತಾಳೆ; ಡಾಕ್ಟರು ಬರೆದುಕೊಡುವುದು ಅವಳಿಗೆ ಹತ್ತುವುದಿಲ್ಲ. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ತಾವೇ ಕಟ್ಟಿಕೊಂಡ ಕೈಭಾಷೆಯೊಂದಿದೆ. ಮುಂಗೈ ಮೇಲೆ ಎರಡು ಬೆರಳಿಟ್ಟರೆ ಡಾಕ್ಟರು. ಮೂಗು ಒತ್ತಿದರೆ ಸುಳ್ಳು. ಕಿವಿಯ ಹಾಲೆ ಎಳೆದರೆ ಅಪ್ಪ. ಈ ಭಾಷೆಯನ್ನು ಬಲ್ಲವರು ಜಗತ್ತಿನಲ್ಲಿ ಇಬ್ಬರೇ.

ತಂಗಿಗೆ ಒಂದು ಅಭ್ಯಾಸ. ಎದುರಿನವರು ಹೇಳಿದ್ದು ತಿಳಿಯದಿದ್ದರೆ ಹೂಂ ಎಂದು ತಲೆಯಾಡಿಸಿಬಿಡುತ್ತಾಳೆ. ಚಿಕ್ಕವಳಿದ್ದಾಗ ದೊಡ್ಡವರು ಕೇಳಿದ್ದನ್ನೇ ಕೇಳಿ, ಕೂಗಿ, ಕಡೆಗೆ ಭುಜ ಹಿಡಿದು ಅಲುಗಿಸುತ್ತಿದ್ದರು, ತಲೆಯಾಡಿಸಿದರೆ ಬಿಟ್ಟುಬಿಡುತ್ತಿದ್ದರು. ಹೀಗೆ ತಲೆಯಾಡಿಸಿಯೇ ಅವಳು ಈವರೆಗೆ ಗಟ್ಟಿಮುಟ್ಟಾದ ಒಂದು ಹಲ್ಲನ್ನು ಕೀಳಿಸಿಕೊಂಡಿದ್ದಾಳೆ, ಸೊಂಟದವರೆಗಿದ್ದ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದಾಳೆ, ಕಾರ್ಖಾನೆಯ ನಾಟಕದಲ್ಲಿ ರಾಜನ ಪಾತ್ರ ವಹಿಸಿದ್ದಾಳೆ.

ಈಗ ಬಂದಿರುವುದು ಗರ್ಭಕೋಶದ ತೊಂದರೆ. ತೆಗೆಸಿಬಿಡುವುದೋ, ಮಾತ್ರೆ ನುಂಗುತ್ತ ಆರು ತಿಂಗಳು ಕಾದು ನೋಡುವುದೋ ಎಂದು ಬುಧವಾರ ಹನ್ನೊಂದಕ್ಕೆ ಡಾಕ್ಟರು ಕೇಳಲಿದ್ದಾರೆ. ದಿನ ಗೊತ್ತಾದದ್ದು ಈ ಮಧ್ಯಾಹ್ನ. ಈಗ ರೈಲು ಹತ್ತಿದರೂ ಸಮಯಕ್ಕೆ ತಲುಪಲಾಗದು. ಆದ್ದರಿಂದ ತಂಗಿಯು ಡಾಕ್ಟರ ಮೇಜಿನ ಮೇಲೆ ಫೋನನ್ನು ಒರಗಿಸಿ ಕೂರುವುದು, ಅಕ್ಕ ಇಲ್ಲಿಂದ ನೋಡುತ್ತ ಡಾಕ್ಟರ ಮಾತನ್ನು ಕೈಗೂ, ತಂಗಿಯ ಕೈಯನ್ನು ಮಾತಿಗೂ ತಿರುಗಿಸುವುದು ಎಂದು ಏರ್ಪಾಡಾಗಿದೆ. ಚಿತ್ರ ನಿಂತರೆ ತಂಗಿ ತಲೆಯಾಡಿಸುತ್ತಾಳೆ. ತಲೆಯಾಡಿಸಿದರೆ ಡಾಕ್ಟರು ಬರೆದುಕೊಳ್ಳುತ್ತಾರೆ.

ತನಿಖೆ

ಸಂಪರ್ಕವು ನಾಲ್ಕು ತಿಂಗಳಿಂದ ಏಕೆ ಹೀಗಾಡುತ್ತಿದೆ ಎಂಬ ಬಗ್ಗೆ ಸಂಬಂಧಪಟ್ಟವರ ಹೇಳಿಕೆಗಳನ್ನು ಪಡೆದು ಕಡತಕ್ಕೆ ಸೇರಿಸಲಾಗಿದೆ.

(ಅ) ಯಜಮಾನರು. ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕರು. "ಆಫ್ ಮಾಡು, ಹತ್ತು ಎಣಿಸು, ಆನ್ ಮಾಡು. ಅಷ್ಟಕ್ಕೂ ಆಗ್ಲಿಲ್ವಾ, ಇಪ್ಪತ್ತು ಎಣಿಸು. ವಿಜ್ಞಾನ ಕಣೇ ಅದು." ಭಾನುವಾರದ ಎಣಿಕೆಯಲ್ಲಿ ಇವರು ಏಳಕ್ಕೆ ತಲುಪಿದಾಗ ತಮ್ಮ ಪೆನ್ನು ಎಲ್ಲಿ ಎಂದು ವಿಚಾರಿಸಿ, ಮತ್ತೆ ಒಂದರಿಂದ ಆರಂಭಿಸಿರುವುದು ಕಂಡುಬಂದಿದೆ.

(ಆ) ಮಗಳು. ಕಾಲೇಜು ವಿದ್ಯಾರ್ಥಿನಿ. "ಅಮ್ಮಾ, ಅದು ಗೋಡೆ ಪ್ರಾಬ್ಲಮ್ಮು. ನಮ್ಮನೆ ಗೋಡೇನೂ ನಮ್ಮನೆಯವರ ಥರಾನೇ, ಒಂದ್ಸಲ ಹೇಳಿದ್ರೆ ಒಳಗೆ ಹೋಗಲ್ಲ." ಇವಳ ಸಲಹೆಯ ಮೇರೆಗೆ ಇಂಟರ್ನೆಟ್ಟಿನ ಪೆಟ್ಟಿಗೆಯು ಚಪ್ಪಲಿ ಗೂಡಿನಿಂದ ಬೀರುವಿನ ತಲೆಗೂ, ಬೀರುವಿನ ತಲೆಯಿಂದ ಕಿಟಕಿಗೂ ವರ್ಗವಾಗಿದ್ದು, ಸದ್ಯ ಪರದೆಯ ಸರಳಿಗೆ ಜಡೆಯ ರಿಬ್ಬನ್ನಿನಲ್ಲಿ ಕಟ್ಟಲ್ಪಟ್ಟು ಕರ್ತವ್ಯ ನಿರ್ವಹಿಸುತ್ತಿದೆ.

(ಇ) ಅತ್ತೆಯವರು. ದಿನವೂ ಹನ್ನೊಂದರಿಂದ ಹನ್ನೊಂದೂವರೆಯವರೆಗೆ ಸಂಪರ್ಕವು ಗಡಿಯಾರ ಇಟ್ಟಂತೆ ಹೋಗುತ್ತಿದ್ದುದರ ಕಾರಣ ನಿನ್ನೆಯಷ್ಟೇ ಪತ್ತೆಯಾಯಿತು. ಅತ್ತೆಯವರು ಪೆಟ್ಟಿಗೆಯ ಗುಂಡಿಯೊತ್ತಿ, ಕೈಯಿಂದ ಹೆಣೆದ ಜಾಲರಿ ಬಟ್ಟೆಯನ್ನು ಅದಕ್ಕೆ ಹೊದಿಸುತ್ತಿದ್ದಾಗ ಸಿಕ್ಕಿಬಿದ್ದರು. ಹೇಳಿಕೆ: "ಬೆಳಗಾಗೆದ್ದು ಕಣ್ಣು ಮಿಟುಕಿಸ್ತಾ ನಿಂತಿರುತ್ತೆ. ಮುಟ್ಟಿದ್ರೆ ಮೈ ಕಾದಿರುತ್ತೆ. ಅರ್ಧ ಗಂಟೆ ಮಲಗಿ ಏಳಲಿ ಅಂತ ಆರಿಸಿದೆ, ನಾನೇನು ಅದರ ಕುತ್ತಿಗೆ ಹಿಸುಕಿದ್ನಾ? ನಿನಗೂ ಮಲಗು ಮಲಗು ಅಂತೀನಿ, ನೀನು ಕೇಳಲ್ಲ. ಅದು ಪಾಪ ಕೇಳುತ್ತೆ." ಹೇಳಿಕೆಯ ಕೊನೆಯ ಭಾಗವು ವಿಷಯಕ್ಕೆ ಸಂಬಂಧಿಸಿಲ್ಲವಾದರೂ ತೆಗೆದುಹಾಕಲು ಮನಸ್ಸು ಬಂದಿರುವುದಿಲ್ಲ.

ಉಳಿದ ಇಪ್ಪತ್ತಮೂರೂವರೆ ಗಂಟೆಗಳಲ್ಲಿ ಅದು ಹೋಗುವುದೇಕೆ ಎಂಬ ಪ್ರಶ್ನೆ ಹಾಗೇ ಉಳಿದಿದೆ.

(ಈ) ಕಂಪನಿಯ ಗ್ರಾಹಕ ಸೇವೆಯ ಹೆಣ್ಣುಮಗಳು, ಕಚೇರಿಯಿಂದ ಮಾಡಿದ ಫೋನಿನಲ್ಲಿ. "ಮೇಡಂ, ವಿಡಿಯೋ ಆಫ್ ಮಾಡಿ ಬರೀ ವಾಯ್ಸಲ್ಲಿ ಮಾತಾಡಿ, ಆರಾಮಾಗಿ ಬರುತ್ತೆ." ಮನೆಯಾಕೆಯಿಂದ, "ನನ್ನ ತಂಗಿ ಮಾತಾಡೋದೇ ಕೈಯಲ್ಲಮ್ಮ" ಎಂದು ತಿಳಿಸಲಾಗಿ, ಆಚೆ ಕಡೆ ಕೀಲಿಮಣೆ ಬಡಿಯುವ ಸದ್ದು ಕೇಳಿ, "ಸರಿ ಮೇಡಂ, ಬರ್ಕೊಂಡಿದೀನಿ. ಇಪ್ಪತ್ನಾಲ್ಕು ಗಂಟೇಲಿ ಲೈನ್‌ಮ್ಯಾನ್ ಬರ್ತಾರೆ" ಎಂಬ ಉತ್ತರ ಬಂದಿರುತ್ತದೆ. ಈ ಇಪ್ಪತ್ನಾಲ್ಕು ಗಂಟೆಗಳು ಹನ್ನೊಂದು ಸಲ ಮುಗಿದಿರುತ್ತವೆ.

ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಶೀಲಿಸಿ, ಕೆಳಕಂಡಂತೆ ಈ ಮೂಲಕ ಆದೇಶಿಸಲಾಗಿದೆ.

1. ಬುಧವಾರ ಹನ್ನೊಂದು ಗಂಟೆಗೆ ಪೆಟ್ಟಿಗೆಯನ್ನು ಮಲಗಿಸತಕ್ಕದ್ದಲ್ಲ. ಅಂದಿನ ವಿಶ್ರಾಂತಿಯನ್ನು ಪೆಟ್ಟಿಗೆಯು ಮಂಗಳವಾರವೇ ಮುಂಗಡವಾಗಿ ಪಡೆದುಕೊಳ್ಳಲು ಅನುಮತಿಸಲಾಗಿದೆ.

2. ಎಣಿಕೆ ನಿಷೇಧ. ಯಜಮಾನರು ಸದರಿ ಅವಧಿಯಲ್ಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲತಕ್ಕದ್ದು. ಎಣಿಸಲೇಬೇಕೆನಿಸಿದಲ್ಲಿ ಮನಸ್ಸಿನಲ್ಲಿ ಎಣಿಸಬಹುದು; ಹತ್ತಾದ ಮೇಲೆ ಏನೂ ಮಾಡುವಂತಿಲ್ಲ.

3. ಮಗಳ ಫೋನು, ಲ್ಯಾಪ್‌ಟಾಪು ಮತ್ತು ಕೈಗಡಿಯಾರವನ್ನು ಹಿಟ್ಟಿನ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕತಕ್ಕದ್ದು. ವಾಷಿಂಗ್ ಮಷೀನಿಗೂ ಇಂಟರ್ನೆಟ್ಟಿಗೂ ಸಂಬಂಧವಿಲ್ಲವೆಂದು ಹೇಳಲಾಗಿದೆಯಾದರೂ, ಅದರ ನಡತೆ ಸಂದೇಹಾಸ್ಪದವಾಗಿರುವುದರಿಂದ ಅದನ್ನೂ ಆರಿಸತಕ್ಕದ್ದು.

4. ನಮ್ಮ ಪಾಸ್‌ವರ್ಡ್ ಬಲ್ಲವರು. ಕೆಳಗಿನ ಅಂಗಡಿಯ ದರ್ಜಿಯವರು ಇಂಟರ್ನೆಟ್ ಬಂದಾಗಲೆಲ್ಲ ನಮ್ಮ ಕಿಟಕಿಯ ಕೆಳಗೆ ಸ್ಟೂಲು ಹಾಕಿಕೊಂಡು, ನಮ್ಮ ಸಂಪರ್ಕದಲ್ಲಿ ಧಾರಾವಾಹಿ ನೋಡುವುದು ಎಲ್ಲರಿಗೂ ತಿಳಿದ ವಿಷಯ. ಬುಧವಾರದ ಕಂತಿನಲ್ಲಿ ಸೊಸೆ ಮನೆ ಬಿಟ್ಟು ಹೋಗುತ್ತಾಳೆಯೇ ಇಲ್ಲವೇ ಎಂಬುದನ್ನು ಅವರು ಗುರುವಾರ ತಿಳಿದುಕೊಳ್ಳತಕ್ಕದ್ದು. ಸೊಸೆಗೂ ಒಂದು ದಿನ ಯೋಚಿಸಲು ಸಮಯ ಸಿಗುತ್ತದೆ.

5. ಪೆಟ್ಟಿಗೆಗೂ ಊಟದ ಮೇಜಿಗೂ ನಡುವೆ ಯಾರೂ ಅಡ್ಡಾಡತಕ್ಕದ್ದಲ್ಲ. ಅನಿವಾರ್ಯವಾಗಿ ಅಡುಗೆಮನೆಗೆ ಹೋಗಬೇಕಾದವರು ಮೇಜಿನ ಎತ್ತರಕ್ಕಿಂತ ಕೆಳಗೆ, ಅಂಬೆಗಾಲಿನಲ್ಲಿ ಹೋಗಬಹುದು. ಅತ್ತೆಯವರಿಗೆ ಮಂಡಿನೋವಿನ ನಿಮಿತ್ತ ಈ ಸೌಲಭ್ಯದಿಂದ ವಿನಾಯಿತಿ ನೀಡಲಾಗಿದೆ. ಅವರು ಹೋಗುವಂತೆಯೇ ಇಲ್ಲ.

6. "ಈಗ ಚೆನ್ನಾಗಿ ಬರ್ತಿದೆ ಅಲ್ವಾ" ಎಂದು ಯಾರೂ ಅನ್ನತಕ್ಕದ್ದಲ್ಲ. ಹೀಗೆ ಅಂದ ಕೂಡಲೇ ಸಂಪರ್ಕ ಹೋದ ಪ್ರಕರಣಗಳು ಆರು. ಆರರಲ್ಲಿ ಐದನ್ನು ಅಂದವರು ಯಜಮಾನರು.

7. ಪೆಟ್ಟಿಗೆಯ ಹಸಿರು ದೀಪ ಕೆಂಪಾದಲ್ಲಿ ಗಾಬರಿಯ ಸದ್ದು ಮಾಡತಕ್ಕದ್ದಲ್ಲ. ಮೊದಲು ಕಂಡವರು ಮನೆಯಾಕೆಯ ಎಡ ಮೊಣಕೈಯನ್ನು ಒಮ್ಮೆ ಮುಟ್ಟತಕ್ಕದ್ದು. ಬಲಗೈಯನ್ನು ಮುಟ್ಟಿದಲ್ಲಿ ಡಾಕ್ಟರು ಹೇಳಿದ ಮಾತ್ರೆಯು ತಂಗಿಯ ಪಾಲಿಗೆ ಬೇರೇನೋ ಆಗುವ ಅಪಾಯವಿದೆ.

8. ಪರ್ಯಾಯ ವ್ಯವಸ್ಥೆ. ಮನೆಯು ಎರಡು ಎತ್ತರದ ಕಟ್ಟಡಗಳ ಸಂದಿಯಲ್ಲಿರುವುದರಿಂದ ಒಳಗೆ ಮೊಬೈಲಿನ ಸಿಗ್ನಲ್ ಇಲ್ಲ. ತಾರಸಿಯಲ್ಲಿ, ನೀರಿನ ಟ್ಯಾಂಕಿಗೆ ಬೆನ್ನು ಒರಗಿಸಿ ನಿಂತರೆ ಎರಡು ಗೆರೆ ಬರುತ್ತದೆ. ಆದುದರಿಂದ ಮಂಗಳವಾರ ಸಂಜೆಯೊಳಗೆ ತಾರಸಿಯ ಮೆಟ್ಟಿಲಿನಿಂದ ಹಳೆಯ ಕುರ್ಚಿ, ಗಾಳಿಯಿಲ್ಲದ ಸೈಕಲ್ಲು ಮತ್ತು ಯಜಮಾನರ ಮುಂದೆ-ಬೇಕಾಗುತ್ತೆ ಡಬ್ಬಗಳನ್ನು ತೆರವುಗೊಳಿಸತಕ್ಕದ್ದು.

9. "ಬಿಡೇ, ಹೇಗೂ ಡಾಕ್ಟರಿಗೆ ಗೊತ್ತಿರುತ್ತೆ ಯಾವ್ದು ಒಳ್ಳೇದು ಅಂತ" ಎಂದು ಈ ದಿನ ಚಹಾದ ಹೊತ್ತಿನಲ್ಲಿ ಹೇಳಲಾದ ಮಾತನ್ನು ಮತ್ತೆ ಯಾರೂ ಹೇಳತಕ್ಕದ್ದಲ್ಲ. ಈ ಕಂಡಿಕೆಗೆ ಯಾವುದೇ ವಿವರಣೆ ನೀಡಲಾಗುವುದಿಲ್ಲ.

ಗೌಪ್ಯ ಟಿಪ್ಪಣಿ (ಕಡತದಲ್ಲಿ ಮಾತ್ರ; ಮನೆಯಲ್ಲಿ ಹಂಚುವಂತಿಲ್ಲ)

ಮನೆಯಾಕೆ ತಮ್ಮ ಗರ್ಭಕೋಶವನ್ನು ಆರು ವರ್ಷಗಳ ಹಿಂದೆ ತೆಗೆಸಿಕೊಂಡಿದ್ದು, ಅಂದಿನಿಂದ ನೆಮ್ಮದಿಯಾಗಿದ್ದಾರೆ. ತಂಗಿಯೂ ಹಾಗೇ ಮಾಡುವುದು ಒಳ್ಳೆಯದೆಂದು ಆಕೆ ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿರುವುದಾಗಿ, ಪಾತ್ರೆ ತೊಳೆಯುವಾಗ ಆಕೆಗೇ ತಿಳಿದುಬಂದಿರುತ್ತದೆ. ತೆಗೆಸುವುದಕ್ಕೂ ಮಾತ್ರೆಗೂ ಸಂಜ್ಞೆ ಮಾಡುವ ಕೈಗಳು ಆಕೆಯವೇ. ಒಂದನ್ನು ಕೊಂಚ ದೊಡ್ಡದಾಗಿ, ಇನ್ನೊಂದನ್ನು ಕೊಂಚ ಚಿಕ್ಕದಾಗಿ ತೋರಿಸಿದರೆ ಕೇಳುವವರು ಯಾರೂ ಇಲ್ಲ. ಈ ವಿಷಯವನ್ನು ಪರಿಶೀಲನೆಗಾಗಿ ಕಾಯ್ದಿರಿಸಲಾಗಿದೆ.

ಸಹಿ/-
ಮನೆಯಾಕೆ

ಸೇರ್ಪಡೆ ಸುತ್ತೋಲೆ

ಸಂಖ್ಯೆ: ಗೃಜಾಪಾ/ಬ್ರಾಡ್‌ಬ್ಯಾಂಡ್/ಕಾಟ/12-ಎ
ದಿನಾಂಕ: ಬುಧವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ

ವಿಷಯ: ಈ ದಿನ ನಡೆದ ಸಂಗತಿಗಳ ವರದಿ ಹಾಗೂ ಹಿಂದಿನ ಸುತ್ತೋಲೆಯ ಕೆಲವು ಭಾಗಗಳ ರದ್ದತಿ.

10.55ಕ್ಕೆ ಎಲ್ಲರೂ ತಮ್ಮ ತಮ್ಮ ಸ್ಥಾನಗಳಲ್ಲಿ ಹಾಜರಿದ್ದರು. ಯಜಮಾನರು ಕೈಕಟ್ಟಿ ಗೋಡೆಗೆ ಅಂಟಿಕೊಂಡಿದ್ದರು. ಅತ್ತೆಯವರು ಪೆಟ್ಟಿಗೆಯ ಎದುರು ಕುರ್ಚಿ ಹಾಕಿಕೊಂಡು, ಹುಷಾರಿಲ್ಲದ ಮೊಮ್ಮಗುವನ್ನು ಕಾಯುವಂತೆ ಅದನ್ನು ಕಾಯುತ್ತಿದ್ದರು. ಮಗಳು ಮೇಜಿನ ಕೆಳಗಿದ್ದಳು. ದೀಪ ಹಸಿರಾಗಿತ್ತು.

ಹನ್ನೊಂದಕ್ಕೆ ಸರಿಯಾಗಿ ತಂಗಿಯ ಮುಖ ಬಂತು. ಡಾಕ್ಟರು ಕನ್ನಡ ಬಲ್ಲ, ಮಿತ ಮಾತಿನ ಹೆಂಗಸು. "ನೋಡಿ, ಎರಡು ದಾರಿ ಇದೆ. ಎರಡೂ ಸರೀನೇ. ಯಾವ್ದು ಬೇಕು ಅಂತ ಅವರೇ ಹೇಳ್ಬೇಕು" ಎಂದು ಆರಂಭಿಸಿ, ಒಂದೊಂದನ್ನೂ ವಿವರಿಸಿದರು. ಮನೆಯಾಕೆ ಅದನ್ನೆಲ್ಲ ಕೈಗೆ ತಂದರು. ತೆಗೆಸುವುದನ್ನು ಹೇಳುವಾಗ ಎರಡೂ ಕೈ ಎದೆಯಿಂದ ಹೊರಗೆ, ಪರದೆಯ ಅಂಚಿನವರೆಗೆ ಹೋದವು. ಮಾತ್ರೆಯನ್ನು ಹೇಳುವಾಗ ಬೆರಳುಗಳು ಗಲ್ಲದ ಬಳಿ ಸಣ್ಣದಾಗಿ ಆಡಿ ಸುಮ್ಮನಾದವು. ಕೈಗಳು ಹಾಗೆ ಮಾಡಿದ್ದನ್ನು ಆಕೆ ಗಮನಿಸಿದ್ದು, ಅವು ಮಾಡಿ ಮುಗಿಸಿದ ಮೇಲೆ.

11.09ಕ್ಕೆ ತಂಗಿಯ ಮುಖ ರೆಪ್ಪೆ ಅರ್ಧ ಮುಚ್ಚಿದ್ದಲ್ಲೇ ನಿಂತುಹೋಯಿತು. ಮನೆಯಾಕೆಯ ಎಡ ಮೊಣಕೈಯನ್ನು ಮೂರು ಜನ ಏಕಕಾಲಕ್ಕೆ ಮುಟ್ಟಿದರು.

"ನಾನು ಮುಟ್ಟಿಲ್ಲಮ್ಮ, ನಿನ್ನಾಣೆ" ಎಂದು ಅತ್ತೆಯವರು ಹೇಳಿಕೆ ನೀಡಿದರು. ಯಜಮಾನರು "ಒಂದು, ಎರಡು" ಎಂದವರು ಹೆಂಡತಿಯ ಮುಖ ನೋಡಿ ಮೂರನ್ನು ನುಂಗಿಕೊಂಡರು. 8ನೆಯ ಕಂಡಿಕೆಯ ಪ್ರಕಾರ ಮನೆಯಾಕೆಯೂ ಮಗಳೂ ತಾರಸಿಗೆ ಓಡಿದರು. ಮೆಟ್ಟಿಲ ಮೇಲಿನ ಸೈಕಲ್ಲು ತೆರವಾಗಿತ್ತು; ಮುಂದೆ-ಬೇಕಾಗುತ್ತೆ ಡಬ್ಬಗಳು ಆಗಿರಲಿಲ್ಲ. ಅವು ಮೆಟ್ಟಿಲಿಳಿದ ಸದ್ದು ದರ್ಜಿಯವರಿಗೂ ಕೇಳಿದೆ.

ತಾರಸಿಯ ಎದುರಿನ ಕಂಬಕ್ಕೆ ಏಣಿಯೊಂದು ಒರಗಿತ್ತು. ಅದರ ತುದಿಯಲ್ಲಿ ಲೈನ್‌ಮ್ಯಾನ್ ನಿಂತಿದ್ದರು. ನಮ್ಮ ಮನೆಗೆ ಬರುವ ತಂತಿ ಅವರ ಕೈಯಲ್ಲಿತ್ತು, ಕತ್ತರಿಸಿದ ಸ್ಥಿತಿಯಲ್ಲಿ.

"ಮೇಡಂ, ಹನ್ನೊಂದು ಸಲ ಕಂಪ್ಲೇಂಟ್ ಕೊಟ್ಟಿರೋ ಮನೆ ನಿಮ್ದೇನಾ? ಒಳಗೆಲ್ಲ ತುಕ್ಕು ಹಿಡಿದ್ಬಿಟ್ಟಿದೆ. ನೀವೇನೂ ತಲೆ ಕೆಡಿಸ್ಕೋಬೇಡಿ, ಪೂರ್ತಿ ಕಿತ್ತು ಹೊಸದು ಹಾಕ್ತಾ ಇದೀನಿ. ಬರೀ ಅರ್ಧ ಗಂಟೆ."

"ಒಳ್ಳೇದಾಯ್ತಪ್ಪ" ಎಂದು ಮನೆಯಾಕೆ ಹೇಳಿದ್ದಾಗಿ ದಾಖಲಾಗಿದೆ. ಮಗಳು ಹೇಳಿದ್ದನ್ನು ದಾಖಲಿಸಿಲ್ಲ.

ಟ್ಯಾಂಕಿಗೆ ಬೆನ್ನು ಒರಗಿಸಿ ನಿಂತು, ಎರಡು ಗೆರೆ ಬಂದು, ಚಿತ್ರ ಮೂಡುವಾಗ 11.16. ಏಳು ನಿಮಿಷ. ಏಳು ನಿಮಿಷದಲ್ಲಿ ತಂಗಿ ಎಷ್ಟು ಸಲ ತಲೆಯಾಡಿಸಬಲ್ಲಳು ಎಂದು ಮನೆಯಾಕೆ ಅಷ್ಟರಲ್ಲಿ ಮನಸ್ಸಿನಲ್ಲೇ ಎಣಿಸಿ, ಕಾಗದಕ್ಕೆ ಅವಳ ಹೆಬ್ಬೆಟ್ಟನ್ನೂ ಒತ್ತಿಸಿ, ಅವಳನ್ನು ಆಸ್ಪತ್ರೆಯ ಹಾಸಿಗೆಯ ಮೇಲೂ ಮಲಗಿಸಿಬಿಟ್ಟಿದ್ದರು.

ಪರದೆಯಲ್ಲಿ ಕಂಡದ್ದು ಒಂದು ಅಂಗೈ. ತಂಗಿ ಬಲಗೈ ಚಾಚಿ, ಅಂಗೈಯನ್ನು ಡಾಕ್ಟರ ಮುಖಕ್ಕೆ ಅಡ್ಡ ಹಿಡಿದು ಕೂತಿದ್ದಳು. ತೋಳು ಸೋತು ಮೊಣಕೈಗೆ ಎಡಗೈ ಆನಿಸಿಕೊಂಡಿದ್ದಳು. ಅಂಗೈಯ ಆಚೆ ಡಾಕ್ಟರು ಪೆನ್ನಿನ ಕ್ಯಾಪು ಮುಚ್ಚಿ, ಶಾಲೆಯಲ್ಲಿ ಬಾಯಿ ಮೇಲೆ ಬೆರಳಿಡಿಸಿ ಕೂರಿಸಿದವರಂತೆ ಕೂತಿದ್ದರು.

"ನಾಲ್ಕು ಸಲ ಕೇಳ್ದೆ" ಎಂದರು ಡಾಕ್ಟರು, ದನಿ ತಗ್ಗಿಸಿ. "ನಾಲ್ಕು ಸಲಾನೂ ಕೈ ಅಡ್ಡ ಹಿಡಿದ್ರು. ಆಚೆ ಜನ ಕಾಯ್ತಿದಾರೆ. ಆದ್ರೆ ಏಳೋಕೂ ಬಿಡ್ಲಿಲ್ಲ ಇವ್ರು."

ಮಗಳು ಫೋನು ಹಿಡಿದಳು. ಮನೆಯಾಕೆಯ ಎರಡೂ ಕೈ ಬಿಡುವಾದವು. ಆದರೆ ಮೊದಲು ಕೈಯೆತ್ತಿದ್ದು ತಂಗಿ. ಮಾತ್ರೆ ನುಂಗುತ್ತ ಕೆಲಸಕ್ಕೆ ಹೋಗಬಹುದೇ ಎಂದು ಕೇಳಿದಳು. ನೋವು ತಡೆಯದಾದರೆ ಆಮೇಲೆ ತೆಗೆಸಬಹುದೇ ಎಂದು ಕೇಳಿದಳು. ಹೋಗಬಹುದು, ತೆಗೆಸಬಹುದು, ಅವಸರವಿಲ್ಲ ಎಂದರು ಡಾಕ್ಟರು. ಅದನ್ನು ಕೈಗೆ ತರುವಾಗ ಮನೆಯಾಕೆ ಒಂದೊಂದನ್ನೂ ಒಂದೇ ಅಳತೆಯಲ್ಲಿ ತೋರಿಸಿದರು.

ತಂಗಿ ಅಕ್ಕನತ್ತ ಕೈಯಾಡಿಸಿದಳು: ಆಗ ಯಾಕೆ ಒಂದನ್ನು ಅಷ್ಟು ದೊಡ್ಡದಾಗಿ ತೋರಿಸಿದೆ?

ಹಾಗೇನಿಲ್ಲ, ಸುಳ್ಳು ಎನ್ನಲು ಮೂಗಿನತ್ತ ಹೋದ ಬೆರಳನ್ನು ಮನೆಯಾಕೆ ಅರ್ಧದಲ್ಲೇ ತಡೆದು, ಎದೆಯ ಮೇಲೆ ಕೈಯಿಟ್ಟು, ನನಗೆ ಹೆದರಿಕೆ ಎಂದರು.

ನನಗೂ, ಎಂದಳು ತಂಗಿ. ಆದರೂ ಮಾತ್ರೆ.

"ಈಗ ತೆಗೆಸೋದು ಬೇಡ ಅಂತಿದಾಳೆ ಡಾಕ್ಟ್ರೇ. ಮಾತ್ರೆ ತಗೊಂಡು ಆರು ತಿಂಗಳು ನೋಡ್ತಾಳಂತೆ." ಈ ವಾಕ್ಯಗಳನ್ನು ಒಂದಕ್ಷರವೂ ಹೆಚ್ಚುಕಡಿಮೆಯಾಗದಂತೆ ದಾಟಿಸಲಾಗಿದೆ. ಇಪ್ಪತ್ತೆರಡು ವರ್ಷಗಳ ಬೆರಳಚ್ಚಿನಲ್ಲಿ ಮನೆಯಾಕೆಗೆ ಇಷ್ಟು ಕಷ್ಟವಾದ ಪ್ರತಿ ಬೇರೊಂದಿಲ್ಲ.

ಈ ಹಿನ್ನೆಲೆಯಲ್ಲಿ ತತ್‌ಕ್ಷಣದಿಂದ ಜಾರಿಗೆ ಬರುವಂತೆ:

(i) ಹಿಂದಿನ ಸುತ್ತೋಲೆಯ ಪ್ರಸ್ತಾವನೆಯಲ್ಲಿನ "ಚಿತ್ರ ನಿಂತರೆ ತಂಗಿ ತಲೆಯಾಡಿಸುತ್ತಾಳೆ" ಎಂಬ ವಾಕ್ಯವನ್ನು ಕೈಬಿಡಲಾಗಿದೆ. ಸದರಿ ಮಾಹಿತಿಯನ್ನು ಹಲವು ವರ್ಷಗಳಿಂದ ಯಾರೂ ಪರಿಶೀಲಿಸಿರಲಿಲ್ಲ.

(ii) ಕೈಭಾಷೆಯನ್ನು ಬಲ್ಲವರು ಇಬ್ಬರೇ ಎಂಬುದನ್ನು ಇದುವರೆಗೆ ಮನೆಯಾಕೆ ಹೆಮ್ಮೆಯ ವಿಷಯವೆಂದು ಭಾವಿಸಿದ್ದರು. ಅದನ್ನು ಮರುಪರಿಶೀಲಿಸಲಾಗುವುದು. ಫೋನು ಹಿಡಿದು ನಿಂತಿದ್ದ ಮಗಳು ಅಷ್ಟರಲ್ಲೇ ನಾಲ್ಕು ಸಂಜ್ಞೆ ಕಲಿತಿದ್ದು, ಅದರಲ್ಲಿ ಒಂದನ್ನು ತನ್ನ ತಂದೆಯ ಮೇಲೆ ಪ್ರಯೋಗಿಸಿರುತ್ತಾಳೆ.

(iii) ಪೆಟ್ಟಿಗೆಯು ಎಂದಿನಂತೆ ವಿಶ್ರಾಂತಿ ಪಡೆಯಬಹುದು. ಹೊಸ ತಂತಿ ಬಂದ ಮೇಲೆ ಸಂಪರ್ಕ ಹೇಗಿದೆ ಎಂಬ ಬಗ್ಗೆ 6ನೆಯ ಕಂಡಿಕೆಯ ಪ್ರಕಾರ ಏನನ್ನೂ ಹೇಳಬಯಸುವುದಿಲ್ಲ.

ಸಹಿ/-
ಮನೆಯಾಕೆ
(ಅರ್ಧ ದಿನದ ರಜೆ ಮುಗಿದಿದ್ದು, ಊಟದ ನಂತರ ಕಚೇರಿಗೆ ಲಭ್ಯ)

ಪ್ರತಿಗಳು:
1. ಯಜಮಾನರಿಗೆ, ಡಬ್ಬಗಳ ಬಗ್ಗೆ ಲಿಖಿತ ಸಮಜಾಯಿಷಿ ಕೋರಿ.
2. ಅತ್ತೆಯವರಿಗೆ, ದೊಡ್ಡ ಅಕ್ಷರಗಳಲ್ಲಿ.
3. ಮಗಳಿಗೆ, ಫೋನಿನ ಮೂಲಕ. ಫೋನು ಹಿಟ್ಟಿನ ಡಬ್ಬಿಯಿಂದ ಹೊರಬಂದ ನಂತರ.
4. ಕೆಳಗಿನ ಅಂಗಡಿಯ ದರ್ಜಿಯವರಿಗೆ, ಮಾಹಿತಿಗಾಗಿ.
5. ಕಂಪನಿಯ ಗ್ರಾಹಕ ಸೇವೆಗೆ: ಹನ್ನೊಂದೂ ದೂರುಗಳನ್ನು ಮುಕ್ತಾಯಗೊಳಿಸುವುದು. ಬುಧವಾರ 11.09ಕ್ಕೆ ಉದ್ಭವಿಸಿದ ಹನ್ನೆರಡನೆಯದನ್ನು ದೂರೆಂದು ಕರೆಯಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.
6. ತಂಗಿಗೆ: ಪ್ರತಿಯನ್ನು ಕಳುಹಿಸಿರುವುದಿಲ್ಲ. ವಿಷಯ ಅವಳದ್ದಾಗಿರುವುದರಿಂದ, ಇದನ್ನು ಯಾರಿಗೆ ತೋರಿಸಬಹುದು, ಯಾರಿಗೆ ತೋರಿಸಬಾರದು ಎಂದು ಮೊದಲು ಅವಳನ್ನು ಕೇಳತಕ್ಕದ್ದು. ಅಲ್ಲಿಯವರೆಗೆ ಕ್ರಮಸಂಖ್ಯೆ 1ರಿಂದ 5ರವರೆಗಿನ ಪ್ರತಿಗಳನ್ನೂ ತಡೆಹಿಡಿಯಲಾಗಿದೆ.